ಮೂವತ್ತು ಪೆಸೊ, ಮೂವತ್ತು ವರ್ಷ: ಚಿಲಿಯ 2019ರ ಜನಾಂದೋಲನದ ಬೇರುಗಳು

2019ರ ಅಕ್ಟೋಬರ್ 6ರಂದು ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ದಟ್ಟಣೆಯ ವೇಳೆಯ ಮೆಟ್ರೊ ಟಿಕೆಟ್ ದರ 800 ಪೆಸೊದಿಂದ 830ಕ್ಕೆ ಏರಿತು. ವಿದ್ಯಾರ್ಥಿಗಳ ರಿಯಾಯಿತಿ ದರ ಏರಿರಲಿಲ್ಲ. ಆದರೂ ಮೊದಲು ಸಿಡಿದೆದ್ದವರು ಅವರೇ. ಸಮವಸ್ತ್ರದಲ್ಲಿದ್ದ ಹೈಸ್ಕೂಲು ಮಕ್ಕಳು ಗುಂಪುಗುಂಪಾಗಿ ಬಂದು ಟಿಕೆಟ್ ಗೇಟುಗಳನ್ನು ಹಾರಿ ಒಳನುಗ್ಗಿದರು, ಹಿಂದೆ ಬಂದ ದೊಡ್ಡವರಿಗೂ ದಾರಿ ಬಿಟ್ಟರು. ಆಗ ದೇಶದ ಕನಿಷ್ಠ ವೇತನ ತಿಂಗಳಿಗೆ 3,01,000 ಪೆಸೊ. ದಿನಕ್ಕೆರಡು ಸಲದಂತೆ 22 ದಿನ ಮೆಟ್ರೊದಲ್ಲಿ ಓಡಾಡಿದರೆ ಆ ಸಂಬಳದ ಸುಮಾರು ಎಂಟನೇ ಒಂದು ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು. ಬೇಗ ಎದ್ದು ಹೊರಟವರಿಗೆ ಕಡಿಮೆ ದರ ಇದೆಯಲ್ಲ ಎಂದು ಆರ್ಥಿಕ ವ್ಯವಹಾರಗಳ ಸಚಿವ ಹುವಾನ್ ಆಂದ್ರೆಸ್ ಫಾಂಟೈನ್ ಹೇಳಿದ್ದು ಗಾಯದ ಮೇಲೆ ಬರೆ ಎಳೆದಂತಾಯಿತು. ನಗರದಂಚಿನ ಬಡಾವಣೆಗಳಿಂದ ಕೆಲಸಕ್ಕೆ ಹೋಗುವವರು ಅದಾಗಲೇ ಕತ್ತಲಿರುವಾಗಲೇ ಮನೆ ಬಿಡುತ್ತಿದ್ದರು.

ಪ್ರಯಾಣ ದರಕ್ಕಾಗಿ ಸ್ಯಾಂಟಿಯಾಗೊ ಬೀದಿಗಿಳಿದದ್ದು ಇದೇ ಮೊದಲಲ್ಲ. 1949ರ ಆಗಸ್ಟಿನಲ್ಲಿ ಬಸ್ ದರ ಇಪ್ಪತ್ತು ಸೆಂಟಾವೊ ಏರಿದ್ದಕ್ಕೆ ನಡೆದ ದಂಗೆಗೆ ಆ ಬೆಲೆಯ ನಾಣ್ಯ 'ಚೌಚಾ'ದ ಹೆಸರೇ ಅಂಟಿಕೊಂಡಿತು. 1957ರ ಏಪ್ರಿಲ್‌ನಲ್ಲಿ ಮತ್ತೆ ದರ ಏರಿದಾಗ ಸೇನೆ ಗುಂಡು ಹಾರಿಸಿತು, ಹಲವರು ಸತ್ತರು. ಈ ಎರಡು ಘಟನೆಗಳ ಜೊತೆ ಇಟ್ಟು ನೋಡಿದರೆ 2019ರ ವಿಶೇಷ ಕಾಣುತ್ತದೆ: ಈ ಸಲ ದರ ಹಿಂತೆಗೆದುಕೊಂಡರೂ ಜನ ಮನೆಗೆ ಹೋಗಲಿಲ್ಲ.

ಕಾರಣ ಪಿನೊಚೆ ಆಡಳಿತದಲ್ಲಿದೆ. 1973ರ ಸೇನಾದಂಗೆಯ ನಂತರ ಅಧಿಕಾರ ಹಿಡಿದ ಅಗಸ್ಟೊ ಪಿನೊಚೆ 1980ರಲ್ಲಿ ಹೊಸ ಸಂವಿಧಾನ ತಂದ. ಅದೇ ವರ್ಷ ಕಾರ್ಮಿಕ ಸಚಿವ ಹೊಸೆ ಪಿನ್ಯೇರಾ ಪಿಂಚಣಿಯನ್ನು ಖಾಸಗಿ ಕಂಪನಿಗಳಿಗೆ ವಹಿಸುವ ಕಾನೂನು ರೂಪಿಸಿದ. ಕೂಲಿಕಾರ ತನ್ನ ಸಂಬಳದ 10% ಕಟ್ಟಬೇಕು. ಮಾಲೀಕರ ವಂತಿಗೆ ರದ್ದು. ಎಲ್ಲರ ಪಾಲಿಗೂ ಒಳ್ಳೆಯದೆಂದು ಸಾರಿದ ಈ ವ್ಯವಸ್ಥೆಯಿಂದ ಸೇನೆ ಮತ್ತು ಪೊಲೀಸರನ್ನು ಮಾತ್ರ ಹೊರಗಿಡಲಾಯಿತು, ಅವರಿಗೆ ಹಳೆಯ ಪಿಂಚಣಿಯೇ ಉಳಿಯಿತು. 1981ರ ಕಾನೂನು ನೀರಿನ ಹಕ್ಕನ್ನೂ ಮಾರಿ ಕೊಳ್ಳುವ ಸ್ವತ್ತಾಗಿಸಿತು. 1990ರಲ್ಲಿ ಪ್ರಜಾಪ್ರಭುತ್ವ ಮರಳಿತು, ಬಡತನ ಗಣನೀಯವಾಗಿ ಇಳಿಯಿತು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಚೌಕಟ್ಟು ಹಾಗೇ ನಿಂತಿತು. 2006ರಲ್ಲಿ ಹೈಸ್ಕೂಲು ಮಕ್ಕಳು, 2011ರಲ್ಲಿ ಕಾಲೇಜು ವಿದ್ಯಾರ್ಥಿಗಳು ಶಿಕ್ಷಣದ ಪ್ರಶ್ನೆ ಹಿಡಿದು ಅದನ್ನು ಅಲುಗಿಸಲು ನೋಡಿದ್ದರು. 2019ರಲ್ಲಿ ಅಧ್ಯಕ್ಷರಾಗಿದ್ದವರು ಹೊಸೆಯ ಸೋದರ ಸೆಬಾಸ್ಟಿಯನ್ ಪಿನ್ಯೇರಾ. "ಮೂವತ್ತು ಪೆಸೊ ಅಲ್ಲ, ಮೂವತ್ತು ವರ್ಷ" ಎಂಬ ಬೀದಿಯ ಘೋಷಣೆ 1990ರ ನಂತರದ ಎಲ್ಲ ಸರ್ಕಾರಗಳನ್ನೂ ಕಟಕಟೆಯಲ್ಲಿ ನಿಲ್ಲಿಸಿತು.

ಅಕ್ಟೋಬರ್ 18ರ ಶುಕ್ರವಾರ ನಿಲ್ದಾಣಗಳಿಗೆ ಬೆಂಕಿ ಬಿತ್ತು. 136 ನಿಲ್ದಾಣಗಳಲ್ಲಿ 118 ಹಾನಿಗೊಂಡವು. ಅಂದು ರಾತ್ರಿಯೇ ತುರ್ತು ಪರಿಸ್ಥಿತಿ, ಮರುದಿನ ಕರ್ಫ್ಯೂ. ಬಲಿಷ್ಠ ಶತ್ರುವಿನೊಂದಿಗೆ ಯುದ್ಧದಲ್ಲಿದ್ದೇವೆ ಎಂದು ಪಿನ್ಯೇರಾ ಹೇಳಿದರೆ, ರಾಜಧಾನಿಯ ಹೊಣೆ ಹೊತ್ತಿದ್ದ ಜನರಲ್ ಹಾವಿಯೆರ್ ಇತುರಿಯಾಗ ತಾನು ಯಾರೊಂದಿಗೂ ಯುದ್ಧ ಮಾಡುತ್ತಿಲ್ಲ ಎಂದುಬಿಟ್ಟ. 25ರಂದು ಬಾಕೆದಾನೊ ಚೌಕದ ಸುತ್ತ ಸೇರಿದವರು ಹತ್ತು ಲಕ್ಷ ಮೀರಿದರು.

ಹಿಂಸೆಯ ಲೆಕ್ಕವನ್ನು ಕಣ್ಣುಗಳಲ್ಲಿ ಹೇಳಬೇಕು. ಸತ್ತವರು ಮೂವತ್ತಕ್ಕೂ ಹೆಚ್ಚು. ಕಣ್ಣಿಗೆ ಪೆಟ್ಟು ಬಿದ್ದವರು ನಾನೂರಕ್ಕೂ ಹೆಚ್ಚೆಂದು ದೇಶದ ಮಾನವ ಹಕ್ಕುಗಳ ಸಂಸ್ಥೆ ದಾಖಲಿಸಿತು. ಪೊಲೀಸರು ಹಾರಿಸುತ್ತಿದ್ದ 'ರಬ್ಬರ್' ಗುಂಡುಗಳನ್ನು ಚಿಲಿ ವಿಶ್ವವಿದ್ಯಾಲಯದ ಎಂಜಿನಿಯರುಗಳು ಪರೀಕ್ಷಿಸಿದಾಗ ಅವುಗಳಲ್ಲಿ ರಬ್ಬರ್ ಇದ್ದದ್ದು 20% ಮಾತ್ರ. ಉಳಿದದ್ದು ಸಿಲಿಕಾ, ಬೇರಿಯಂ ಸಲ್ಫೇಟ್, ಸೀಸ. ಫಾಬಿಯೋಲಾ ಕಂಪಿಯಾಯ್ ಪ್ರತಿಭಟನೆಗೂ ಬಂದಿರಲಿಲ್ಲ. ರಾತ್ರಿ ಪಾಳಿಗೆ ಹೊರಟಿದ್ದರು. ಅಶ್ರುವಾಯು ಶೆಲ್ ಮುಖಕ್ಕೆ ಬಡಿದು ಎರಡೂ ಕಣ್ಣು ಹೋದವು. 2021ರಲ್ಲಿ ಸ್ಯಾಂಟಿಯಾಗೊ ಮಹಾನಗರ ಪ್ರದೇಶದ ಮತದಾರರು ಅವರನ್ನು ಸೆನೆಟ್‌ಗೆ ಆರಿಸಿ ಕಳಿಸಿದರು.

ನವೆಂಬರ್ 15ರ ನಸುಕಿನಲ್ಲಿ ಪಕ್ಷಗಳು ಹೊಸ ಸಂವಿಧಾನಕ್ಕೆ ಒಪ್ಪಿದವು. 2020ರ ಜನಮತದಲ್ಲಿ 78% ಮಂದಿ ಬೇಕು ಎಂದರು. ಸ್ತ್ರೀಪುರುಷರಿಗೆ ಸಮಪಾಲು, ಮೂಲನಿವಾಸಿಗಳಿಗೆ 17 ಸ್ಥಾನ ಇದ್ದ 155 ಸದಸ್ಯರ ಸಂವಿಧಾನ ರಚನಾ ಸಭೆಗೆ ಮಾಪುಚೆ ಜನಾಂಗದ ಎಲಿಸಾ ಲೊಂಕೊನ್ ಮೊದಲ ಅಧ್ಯಕ್ಷೆ. ಆದರೆ ಸಭೆ ಸಿದ್ಧಪಡಿಸಿದ 388 ವಿಧಿಗಳ ಕರಡನ್ನು 2022ರ ಸೆಪ್ಟೆಂಬರ್‌ನಲ್ಲಿ ಸುಮಾರು 62% ಮತದಾರರು ತಿರಸ್ಕರಿಸಿದರು. ಎಡಪಂಥ ದುಡುಕಿತು, ಬಲಪಂಥ ಸುಳ್ಳು ಹರಡಿತು ಎಂಬ ವಿವರಣೆಗಳು ಅರ್ಧ ಸತ್ಯ. 2020ರಲ್ಲಿ ಮತದಾನ ಐಚ್ಛಿಕವಾಗಿತ್ತು, ಅರ್ಧದಷ್ಟು ಜನ ಮಾತ್ರ ಬಂದಿದ್ದರು. 2022ರಲ್ಲಿ ಅದು ಕಡ್ಡಾಯವಾಗಿ, ಹಿಂದೆ ಮತಗಟ್ಟೆಗೆ ಬಾರದಿದ್ದ ಲಕ್ಷಾಂತರ ಜನ ಬಂದರು. ಪಿಂಚಣಿ, ಆಸ್ಪತ್ರೆ, ಟಿಕೆಟ್ ದರ ಕೇಳಿದವರ ಕೈಗೆ ರಾಜ್ಯದ ಸ್ವರೂಪವನ್ನೇ ಬದಲಿಸುವ ಹೊತ್ತಗೆ ಕೊಟ್ಟಾಗ ಅದರಲ್ಲಿ ಅವರ ತಕ್ಷಣದ ಕಷ್ಟಕ್ಕೆ ದಾರಿ ಕಾಣಲಿಲ್ಲ. ಬಲಪಂಥದ ಹಿಡಿತದಲ್ಲಿ ತಯಾರಾದ ಎರಡನೇ ಕರಡನ್ನೂ 2023ರ ಡಿಸೆಂಬರ್‌ನಲ್ಲಿ ಜನ ಒಲ್ಲೆ ಎಂದರು. ಪಿನೊಚೆ ಕಾಲದ ಸಂವಿಧಾನ, ಹಲವು ತಿದ್ದುಪಡಿಗಳೊಂದಿಗೆ, ಉಳಿಯಿತು.

2011ರ ವಿದ್ಯಾರ್ಥಿ ನಾಯಕ ಗೇಬ್ರಿಯಲ್ ಬೋರಿಚ್ 2022ರಲ್ಲಿ 36ನೇ ವಯಸ್ಸಿಗೆ ಅಧ್ಯಕ್ಷರಾದರು. ಅವರ ಸರ್ಕಾರದ ಪಿಂಚಣಿ ಸುಧಾರಣೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಅದರಂತೆ ಮಾಲೀಕರೂ ಹಂತಹಂತವಾಗಿ ಒಟ್ಟು 8.5% ವಂತಿಗೆ ಕಟ್ಟಬೇಕು. ಖಾಸಗಿ ಪಿಂಚಣಿ ಕಂಪನಿಗಳು ಮಾತ್ರ ಮುಂದುವರಿದವು.