ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವ ತಿರುಪು

ಕಾರಿನ ಮುಂದಿನ ಚಕ್ರ ಬಿಚ್ಚಿ, ಸವೆದ ಬ್ರೇಕ್ ಪ್ಯಾಡುಗಳನ್ನು ಮನೆಯಲ್ಲಿಯೇ ಬದಲಾಯಿಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಒಂದೇ: ಹೊಸ ಪ್ಯಾಡು ಹಳೆಯದರ ಜಾಗದಲ್ಲಿ ಹಿಡಿಸುವುದಿಲ್ಲ. ಹಳೆಯ ಪ್ಯಾಡು ಸವೆದಷ್ಟೂ ಅದರ ಹಿಂದಿನ ಪಿಸ್ಟನ್ ಮುಂದಕ್ಕೆ ಬಂದು ನಿಂತಿರುತ್ತದೆ. ಅದನ್ನು ಮತ್ತೆ ಒಳಕ್ಕೆ ತಳ್ಳಬೇಕು. ಸಾಮಾನ್ಯವಾಗಿ ಬರಿಗೈಗೆ ಬಗ್ಗದ ಈ ಕೆಲಸಕ್ಕೆ ಬಡಗಿಗಳು ಬಳಸುವ ಸಿ-ಕ್ಲಾಂಪ್ ಅಥವಾ ಇದಕ್ಕೆಂದೇ ಮಾಡಿದ ತಿರುಪಿನ ಉಪಕರಣ ಬೇಕು. ಇಷ್ಟು ಸಣ್ಣ ಸಾಧನ ಏಕೆ ಬೇಕಾಯಿತು ಎಂದು ಹುಡುಕುತ್ತ ಹೋದರೆ ಮೂರು ಶತಮಾನಗಳಿಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದನ್ನು ವಿವರಿಸಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಅವನ ಈ ಗ್ರಂಥ ಪ್ರಕಟವಾದದ್ದು 1663ರಲ್ಲಿ, ಅವನು ತೀರಿಕೊಂಡ ಮರುವರ್ಷ. ಚಿಕ್ಕ ಪಿಸ್ಟನ್ನನ್ನು ಸ್ವಲ್ಪ ಬಲದಿಂದ ಒತ್ತಿ, ದೊಡ್ಡ ಪಿಸ್ಟನ್ನಿನಿಂದ ಹಲವು ಪಟ್ಟು ಬಲ ಪಡೆಯಬಹುದೆಂಬುದು ಅದರ ತಿರುಳು. ಅದನ್ನು ಯಂತ್ರವಾಗಿ ಬಳಕೆಗೆ ತಂದವನು ಇಂಗ್ಲೆಂಡಿನ ಜೋಸೆಫ್ ಬ್ರಾಮ. 1795ರಲ್ಲಿ ಅವನ ಜಲಒತ್ತಡದ ಯಂತ್ರಕ್ಕೆ ಪೇಟೆಂಟ್ ದೊರೆಯಿತು. ಆದರೆ ಪಿಸ್ಟನ್ನಿನ ಸುತ್ತ ನೀರು ಸೋರದಂತೆ ತಡೆಯುವುದು ಸುಲಭವಿರಲಿಲ್ಲ. ಒತ್ತಡ ಹೆಚ್ಚಿದಂತೆ ತಾನೇ ಬಿಗಿಯಾಗುವ ಚರ್ಮದ ಪಟ್ಟಿಯಿಂದ ಆ ಸಮಸ್ಯೆ ಬಗೆಹರಿಯಿತು. ಅದರ ಶ್ರೇಯಸ್ಸು ಬ್ರಾಮನ ಬಳಿ ಕೆಲಸಕ್ಕಿದ್ದ ಹೆನ್ರಿ ಮಾಡ್ಸ್‌ಲೆಗೆ ಸೇರಬೇಕೆಂದು ಹೇಳುವವರುಂಟು. ದ್ರವದ ಬಲವನ್ನು ಬಳಸುವ ಯಾವ ಯಂತ್ರವೇ ಇರಲಿ, ಅದರ ಜೀವ ಇಂಥ ಒಂದು ಪಟ್ಟಿಯಲ್ಲಿದೆ. ಬ್ರೇಕಿನ ಕಥೆಯಲ್ಲಿಯೂ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಮೊದಮೊದಲ ಕಾರುಗಳ ಬ್ರೇಕು ಸರಳು ಮತ್ತು ತಂತಿಗಳಿಂದ ಎಳೆಯುವಂಥದು. ನಾಲ್ಕು ಚಕ್ರಗಳನ್ನೂ ಒಂದೇ ಸಮನೆ ಹಿಡಿಯುವಂತೆ ಅವನ್ನು ಹೊಂದಿಸುವುದು ದೊಡ್ಡ ತಲೆನೋವಾಗಿತ್ತು. ಒಂದು ಬದಿ ಹೆಚ್ಚು ಹಿಡಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ದ್ರವದ ಬ್ರೇಕ್ 1921ರ ಡ್ಯೂಸನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಬಂತು. 1924ರಲ್ಲಿ ಕ್ರೈಸ್ಲರ್ ಕಾರು ಇದನ್ನು ಇನ್ನಷ್ಟು ಜನರ ಕೈಗೆ ತಲುಪಿಸಿತು. ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುವುದರಿಂದ ನಾಲ್ಕು ಚಕ್ರಗಳನ್ನು ಹೊಂದಿಸುವ ಕಷ್ಟ ಬಹುಮಟ್ಟಿಗೆ ತಪ್ಪಿತು. ಆದರೆ ಚಕ್ರದಲ್ಲಿದ್ದದ್ದು ಡ್ರಮ್. ಅದರೊಳಗಿನ ಶೂ ಸವೆದಂತೆಲ್ಲ ಯಾರಾದರೂ ಸ್ಪ್ಯಾನರ್ ಹಿಡಿದು ಬಿಗಿಮಾಡಬೇಕಾಗಿತ್ತು. ಉದ್ದನೆಯ ಇಳಿಜಾರಿನಲ್ಲಿ ಡ್ರಮ್ ಕಾದು ಬ್ರೇಕ್ ಹಿಡಿತ ಕಳೆದುಕೊಳ್ಳುವುದೂ ಇತ್ತು.

ತೆರೆದ ಗಾಳಿಯಲ್ಲಿ ತಿರುಗುವ ಬಿಲ್ಲೆಯನ್ನು ಎರಡೂ ಬದಿಯಿಂದ ಹಿಡಿಯುವ ಡಿಸ್ಕ್ ಬ್ರೇಕಿನ ಕಲ್ಪನೆ ಹೊಸದೇನಲ್ಲ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಅವನು ಬಳಸಿದ ತಾಮ್ರ ಕರ್ಕಶವಾಗಿ ಕಿರುಚುತ್ತಿತ್ತು. ಧೂಳಿನ ರಸ್ತೆಗಳಲ್ಲಿ ಬೇಗ ಸವೆಯುತ್ತಿತ್ತು. ಅರ್ಧ ಶತಮಾನ ಕಳೆದ ಮೇಲೆ, ವಿಮಾನಗಳ ಬ್ರೇಕಿನಲ್ಲಿ ಪಳಗಿದ್ದ ಡನ್‌ಲಪ್ ಕಂಪೆನಿ ಜಾಗ್ವಾರ್ ಜೊತೆ ಸೇರಿ ಅದನ್ನು ರೇಸಿನ ಕಾರಿಗೆ ತಂದಿತು. 1953ರ ಲ ಮಾನ್ಸ್ 24 ತಾಸಿನ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಜಾಗ್ವಾರ್ ಸಿ-ಟೈಪ್ ಗಂಟೆಗೆ ಸುಮಾರು 170 ಕಿ.ಮೀ. ಸರಾಸರಿ ವೇಗದಲ್ಲಿ ಗೆದ್ದಿತು. ಉದ್ದನೆಯ ನೇರ ರಸ್ತೆಯ ಕೊನೆಯಲ್ಲಿ ಡ್ರಮ್ ಬ್ರೇಕಿನ ಕಾರುಗಳಿಗಿಂತ ತಡವಾಗಿ ಬ್ರೇಕ್ ಹಾಕಿದರೂ ಅದು ತಿರುವಿಗೆ ಸರಿಯಾಗಿ ನಿಧಾನವಾಗುತ್ತಿತ್ತು. ಎರಡು ವರ್ಷಗಳ ಬಳಿಕ, 1955ರಲ್ಲಿ, ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹೊತ್ತು ಜನಸಾಮಾನ್ಯರ ರಸ್ತೆಗಿಳಿಯಿತು.

ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ನ ಒಳಗೆ ಪಿಸ್ಟನ್ನಿನ ಸುತ್ತ ಚೌಕನೆಯ ಅಡ್ಡಕೊಯ್ತದ ಒಂದು ರಬ್ಬರ್ ಉಂಗುರ ಇರುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಸರಿದು ಈ ಉಂಗುರವನ್ನು ಕೊಂಚ ತಿರುಚುತ್ತದೆ. ಕಾಲು ತೆಗೆದೊಡನೆ ರಬ್ಬರ್ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆಳೆಯುತ್ತದೆ. ಪ್ಯಾಡು ಸವೆದು ಪಿಸ್ಟನ್ ಇನ್ನೂ ಮುಂದೆ ಹೋಗಬೇಕಾಗಿ ಬಂದಾಗ, ಅದು ಉಂಗುರದೊಳಗೆ ಜಾರಿ ಹೊಸ ಜಾಗದಲ್ಲಿ ನೆಲೆ ನಿಲ್ಲುತ್ತದೆ. ಹೀಗಾಗಿ ಸ್ಪ್ಯಾನರ್ ಹಿಡಿದು ಬಿಗಿಮಾಡುವ ಕೆಲಸವೇ ಉಳಿಯಲಿಲ್ಲ. ಸವೆತಕ್ಕೆ ತಕ್ಕಂತೆ ಬ್ರೇಕ್ ತನ್ನನ್ನು ತಾನೇ ಹೊಂದಿಸಿಕೊಳ್ಳತೊಡಗಿತು. ಆದರೆ ಈ ಹೊಂದಾಣಿಕೆ ಮುಂದಕ್ಕೆ ಮಾತ್ರ. ಹಿಂದಿನ ಜಾಗಕ್ಕೆ ಪಿಸ್ಟನ್ ತಾನಾಗಿ ಮರಳದು. ಸಿ-ಕ್ಲಾಂಪಿನ ಪ್ರವೇಶವಾಗುವುದು ಇಲ್ಲಿ.

ಕ್ಲಾಂಪಿನ ತಿರುಪನ್ನು ಬಿಗಿಮಾಡುವವನು ಪಾಸ್ಕಲನ ನಿಯಮವನ್ನು ತಿರುಗುಮುರುಗಾಗಿ ಬಳಸುತ್ತಿರುತ್ತಾನೆ. 54 ಮಿ.ಮೀ. ಅಡ್ಡಳತೆಯ ಪಿಸ್ಟನ್ 10 ಮಿ.ಮೀ. ಒಳಕ್ಕೆ ಹೋದರೆ ಸುಮಾರು 23 ಮಿಲಿಲೀಟರ್ ಬ್ರೇಕ್ ಆಯಿಲ್ ಮೇಲಿನ ಡಬ್ಬಿಗೆ ಹಿಂದಿರುಗುತ್ತದೆ. ಮಧ್ಯೆ ಯಾರಾದರೂ ಡಬ್ಬಿಯನ್ನು ತುಂಬಿಸಿಟ್ಟಿದ್ದರೆ ಅದು ಉಕ್ಕಿ ಹರಿಯುತ್ತದೆ. ಸಾಮಾನ್ಯ ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನು ಕಿತ್ತುಬಿಡಬಲ್ಲದು. ಆದ್ದರಿಂದ ಡಬ್ಬಿಯ ಮೇಲೊಂದು ಕಣ್ಣಿಟ್ಟು, ಹಳೆಯ ಪ್ಯಾಡನ್ನೇ ಪಿಸ್ಟನ್ನಿಗೆ ಆನಿಸಿ, ನಿಧಾನವಾಗಿ, ನೆಟ್ಟಗೆ ಒತ್ತಬೇಕು. ಓರೆಯಾಗಿ ಒತ್ತಿದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಉಂಗುರ ಹರಿದರೆ ಎಣ್ಣೆ ಸೋರುತ್ತದೆ. ಹ್ಯಾಂಡ್‌ಬ್ರೇಕಿನ ಯಂತ್ರವನ್ನು ಒಳಗೇ ಇಟ್ಟುಕೊಂಡ ಹಿಂದಿನ ಚಕ್ರದ ಎಷ್ಟೋ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ನನ್ನು ತಿರುಗಿಸುತ್ತ ಒಳಸೇರಿಸಬೇಕು. ಅಲ್ಲಿ ಕ್ಲಾಂಪಿನಿಂದ ಬಲವಂತ ಮಾಡಿದರೆ ಒಳಗಿನ ಯಂತ್ರವೇ ಕೆಡುತ್ತದೆ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಕ್ಯಾಲಿಪರ್‌ನ ಧೂಳನ್ನು ಊದಿ ಹಾರಿಸುವ ಅಭ್ಯಾಸವೂ ಅಪಾಯದ್ದು.

ಎಲ್ಲಕ್ಕಿಂತ ದೊಡ್ಡ ಅಪಾಯ ಕೆಲಸ ಮುಗಿದ ಮೇಲೆ ಕಾದಿರುತ್ತದೆ. ಒಳಸೇರಿದ ಪಿಸ್ಟನ್ನಿಗೂ ಹೊಸ ಪ್ಯಾಡಿಗೂ ನಡುವೆ ಖಾಲಿ ಜಾಗ ಉಳಿದಿರುವುದರಿಂದ ಮೊದಲ ಸಲ ಒತ್ತಿದಾಗ ಪೆಡಲ್ ನೆಲದವರೆಗೂ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ರೇಸಿನಲ್ಲಿ ಚಕ್ರದ ಅದುರಾಟಕ್ಕೆ ಪ್ಯಾಡುಗಳು ಹಿಂದೆ ಸರಿದಾಗಲೂ ಹೀಗೆಯೇ ಆಗುತ್ತದೆ. ಅದಕ್ಕೆಂದೇ ಚಾಲಕರು ತಿರುವಿಗೆ ಮುಂಚೆ ಪೆಡಲನ್ನು ಒಂದೆರಡು ಬಾರಿ ಹಗುರವಾಗಿ ಒತ್ತಿ ನೋಡುತ್ತಾರೆ. ಮನೆಯಂಗಳದಲ್ಲಿ ಪ್ಯಾಡು ಬದಲಿಸಿದವರೂ ಕಾರನ್ನು ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಆಮೇಲೆ ಡಬ್ಬಿಯಲ್ಲಿನ ಎಣ್ಣೆಯ ಮಟ್ಟವನ್ನು ನೋಡಬೇಕು. ಪೆಡಲ್ ಗಟ್ಟಿಯಾಗದಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಬಾರದು.