ವ್ಯಾಯಾಮದ ಆರಂಭದಲ್ಲಿ ತೂಕ ಇಳಿಕೆಯ ಸ್ಥಗಿತ

ಹೊಸದಾಗಿ ವ್ಯಾಯಾಮ ಆರಂಭಿಸಿದವರ ತೂಕವು ಮೊದಲ ಕೆಲವು ವಾರಗಳಲ್ಲಿ ಇಳಿಯದೆ ನಿಲ್ಲುವುದು, ಕೆಲವೊಮ್ಮೆ ತುಸು ಏರುವುದು ಸಾಮಾನ್ಯ. ಅನೇಕರು ಈ ಹಂತದಲ್ಲೇ ಅಭ್ಯಾಸವನ್ನು ಕೈಬಿಡುತ್ತಾರೆ. ಆದರೆ ಕೊಬ್ಬು ಕರಗುತ್ತಿಲ್ಲವೆಂಬುದಕ್ಕೆ ಇದು ಸಾಕ್ಷಿಯಲ್ಲ. ತೂಕದ ಯಂತ್ರವು ಕೊಬ್ಬನ್ನೂ ನೀರನ್ನೂ ಬೇರ್ಪಡಿಸಿ ತೋರಿಸುವುದಿಲ್ಲ.

ಆರಂಭಿಕ ಸ್ಥಗಿತಕ್ಕೆ ಮುಖ್ಯ ಕಾರಣ ನೀರು. ತರಬೇತಿಯಿಂದ ಸ್ನಾಯುಗಳಲ್ಲಿ ಗ್ಲೈಕೋಜನ್ ಸಂಗ್ರಹ ಹೆಚ್ಚುತ್ತದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರು ಸೇರಿಕೊಳ್ಳುತ್ತದೆ. ಹೀಗಾಗಿ ಗ್ಲೈಕೋಜನ್ 150 ಗ್ರಾಂ ಹೆಚ್ಚಿದರೆ ತೂಕ ಸುಮಾರು 600 ಗ್ರಾಂ ಏರುತ್ತದೆ. ರೂಢಿಯಿಲ್ಲದ ಶ್ರಮದಿಂದ, ವಿಶೇಷವಾಗಿ ಇಳಿಜಾರಿನ ಓಟ ಅಥವಾ ಭಾರವನ್ನು ನಿಧಾನವಾಗಿ ಕೆಳಗಿಳಿಸುವ ಕ್ರಿಯೆಯಿಂದ, ಸ್ನಾಯುತಂತುಗಳಿಗೆ ಸೂಕ್ಷ್ಮ ಹಾನಿಯಾಗಿ ಬಾವು ಉಂಟಾಗುತ್ತದೆ. 1ರಿಂದ 3 ದಿನಗಳಲ್ಲಿ ತೀವ್ರವಾಗುವ ಮೈಕೈ ನೋವು ಇದರ ಲಕ್ಷಣ. ಓಟ, ಸೈಕಲ್ ಸವಾರಿಗಳಿಂದ ರಕ್ತದ ಪ್ಲಾಸ್ಮಾ ಪ್ರಮಾಣವೂ ಹೆಚ್ಚುತ್ತದೆ.

ಕೊಬ್ಬಿನ ಇಳಿಕೆಯಾದರೋ ನಿಧಾನ. 1 ಕಿ.ಗ್ರಾಂ ದೇಹಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿಯಿದ್ದು, ದಿನಕ್ಕೆ 250 ಕಿಲೋಕ್ಯಾಲೊರಿ ಕೊರತೆಯಾದರೆ ಅದು ಕರಗಲು ಒಂದು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ನೀರಿನ ಏರಿಕೆಯು ಈ ಇಳಿಕೆಯನ್ನು ಮರೆಮಾಡಬಲ್ಲದು. ಆದುದರಿಂದ ಸೊಂಟದ ಸುತ್ತಳತೆ ಮತ್ತು ಬೆಳಗಿನ ತೂಕದ ವಾರದ ಸರಾಸರಿ ಹೆಚ್ಚು ನಂಬಲರ್ಹ.

ತಿಂಗಳುಗಳ ನಂತರ ಬರುವ ಸ್ಥಗಿತದ ಕಾರಣಗಳು ಬೇರೆ. ಹಗುರಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು, ಹಸಿವೂ ಹೆಚ್ಚುತ್ತದೆ. ಅರ್ಧ ಗಂಟೆಯ ನಡಿಗೆಯಲ್ಲಿ ವ್ಯಯವಾದುದನ್ನು ಅನಂತರ ತಿಂದ ಒಂದು ಮಸಾಲೆದೋಸೆಯೇ ಮರಳಿಸಬಲ್ಲದು.

ತೀವ್ರ ಸ್ನಾಯುನೋವಿನೊಡನೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ, ಅಥವಾ ತೂಕ ಏರುವುದರ ಜೊತೆಗೆ ಕಾಲುಬಾವು, ಏದುಸಿರು ಕಂಡುಬಂದರೆ ತಕ್ಷಣ ವೈದ್ಯಕೀಯ ತಪಾಸಣೆ ಅಗತ್ಯ.