ಶಂಖಲಾಂಛನವೂ ಮುತ್ತಿನ ಚಿಪ್ಪಿನ ಕರಡಿಗೆಗಳೂ

ಇಪ್ಪತ್ತನಾಲ್ಕು ಮಂದಿ ತೀರ್ಥಂಕರರ ಲಾಂಛನಗಳಲ್ಲಿ ನೀರಿಗೆ ಸಂಬಂಧಿಸಿದ ಜೀವಿಗಳು ನಾಲ್ಕು. ಪುಷ್ಪದಂತರಿಗೆ ಮಕರ, ಅರನಾಥರಿಗೆ ಮೀನು, ಮುನಿಸುವ್ರತರಿಗೆ ಕೂರ್ಮ, ಇಪ್ಪತ್ತೆರಡನೆಯವರಾದ ನೇಮಿನಾಥರಿಗೆ ಶಂಖ. ಇವುಗಳಲ್ಲಿ ಮೊದಲ ಮೂರನ್ನು ಶಿಲ್ಪಿಯು ಜೀವಂತ ಪ್ರಾಣಿಗಳಾಗಿಯೇ ಬಿಡಿಸುತ್ತಾನೆ. ಶಂಖದ ಸ್ಥಿತಿ ಹಾಗಲ್ಲ. ಲೋಕದ ಕಣ್ಣಿಗೆ ಶಂಖವೆಂದರೆ ಒಳಗಿದ್ದ ಜೀವ ಹೋದ ಮೇಲೆ ಉಳಿದ ಹೊರಗವಚ ಮಾತ್ರ. ಆದರೆ ಜೈನಾಗಮದ ದೃಷ್ಟಿಯಲ್ಲಿ ಶಂಖವೆಂಬುದು ಮೊದಲು ಒಂದು ಜೀವ, ಆಮೇಲೆ ಒಂದು ವಸ್ತು. ಕುಂದಕುಂದಾಚಾರ್ಯರು ತಮ್ಮ ಪಂಚಾಸ್ತಿಕಾಯದಲ್ಲಿ ಶಂಖ, ಶುಕ್ತಿ, ಶಂಬೂಕ ಮೊದಲಾದವನ್ನು ಸ್ಪರ್ಶ ಮತ್ತು ರಸ ಎಂಬ ಎರಡು ಇಂದ್ರಿಯಗಳುಳ್ಳ ಜೀವಗಳೆಂದು ಎಣಿಸಿದ್ದಾರೆ. ದ್ವೀಂದ್ರಿಯವಾದುದರಿಂದ ಅದು ತ್ರಸಜೀವ. ಶ್ರಾವಕನ ಅಹಿಂಸಾಣುವ್ರತದ ರಕ್ಷಣೆಗೆ ಒಳಪಟ್ಟದ್ದು.

ಚಿಪ್ಪಿನಿಂದ ಅಲಂಕೃತವಾದ ಪ್ರಾಚೀನ ವಸ್ತುಗಳ ಚರಿತ್ರೆಯನ್ನು ಅವಲೋಕಿಸುವಾಗ ಜೈನ ಓದುಗರಿಗೆ ಈ ಮಾತು ನೆನಪಿನಲ್ಲಿರುವುದು ಅವಶ್ಯ. ಏಕೆಂದರೆ ಭಾರತದಲ್ಲಿ ಈ ಕಲೆಯ ಅತಿ ಪ್ರಾಚೀನ ನೆಲೆಗಳಲ್ಲೊಂದೂ, ಅದು ಪರಮಾವಧಿಯನ್ನು ಮುಟ್ಟಿದ ನೆಲೆಯೂ ನೇಮಿನಾಥ ಸ್ವಾಮಿಯ ಚರಿತ್ರೆಗೆ ರಂಗವಾದ ಗುಜರಾತಿನ ಕಡಲತೀರವೇ ಆಗಿವೆ.

ಪುರಾಣಗಳ ಪ್ರಕಾರ ಯಾದವರ ದ್ವಾರಾವತಿ ಪಶ್ಚಿಮ ಸಮುದ್ರದ ಅಂಚಿನಲ್ಲಿತ್ತು. ಇಂದಿನ ದ್ವಾರಕೆಗೆ ಸಮೀಪದಲ್ಲಿ, ಕಚ್ಛದ ಕೊಲ್ಲಿಯ ದಡದ ನಾಗೇಶ್ವರವೆಂಬಲ್ಲಿ 1980ರ ದಶಕದಲ್ಲಿ ಬಡೋದೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದವರು ನಡೆಸಿದ ಉತ್ಖನನದಲ್ಲಿ ಹರಪ್ಪ ಸಂಸ್ಕೃತಿಯ ಕಾಲದ ಒಂದು ಊರು ಬೆಳಕಿಗೆ ಬಂದಿತು. ಅದು ಬಹುಮಟ್ಟಿಗೆ ಶಂಖದ ಕೆಲಸಗಾರರದೇ ಊರು. ಇಡಿಯ ಶಂಖಗಳು, ಒಡೆದ ಶಂಖಗಳು, ಅರ್ಧ ಕೊಯ್ದು ಬಿಟ್ಟ ಬಳೆಗಳು, ಕೊಯ್ದುಳಿದ ಸುರುಳಿಯ ನಡುಗಂಬಗಳು ಅಲ್ಲಿ ಹೇರಳವಾಗಿ ದೊರೆತವು. ಇಂದು ಪೂಜೆಗೆ ಉಪಯೋಗಿಸುವ ಜಾತಿಯ ಶಂಖದಿಂದಲೇ ಬಳೆ. ಮುಳ್ಳುಮುಳ್ಳಾದ ಇನ್ನೊಂದು ದೊಡ್ಡ ಚಿಪ್ಪಿನಿಂದ ಸೌಟು. ಗಟ್ಟಿಯಾದ ಶಂಖವನ್ನು ಕಂಚಿನ ಗರಗಸದಿಂದ ಅಡ್ಡಡ್ಡಲಾಗಿ ಕೊಯ್ದು ಉಂಗುರಗಳನ್ನಾಗಿ ಮಾಡಿ, ಒಳಮೈಯನ್ನು ಉಜ್ಜಿ ನಯಗೊಳಿಸುತ್ತಿದ್ದ ಈ ಕ್ರಮ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನದು. ಬಂಗಾಳದ ಶಂಖಾರಿಗಳು ಇಪ್ಪತ್ತನೆಯ ಶತಮಾನದಲ್ಲಿಯೂ ಹೆಚ್ಚುಕಡಿಮೆ ಇದೇ ರೀತಿ ಶಂಖವನ್ನು ಕೊಯ್ಯುತ್ತಿದ್ದರೆಂಬುದು ಗಮನಾರ್ಹ.

ಕಡಲಿನಿಂದ ದೂರವಿರುವ ಕನ್ನಡನಾಡಿನ ಒಳಭಾಗಕ್ಕೂ ಚಿಪ್ಪು ಬಹು ಹಿಂದೆಯೇ ಬಂದಿತ್ತು. 1954ರಲ್ಲಿ ಮಸ್ಕಿಯಲ್ಲಿ ನಡೆದ ಅಗೆತದಲ್ಲಿ ಚಿಪ್ಪಿನ ಮಣಿಗಳು ದೊರೆತಿವೆ. ಲಂಬಾಣಿ ಹೆಂಗಸರ ಉಡುಪಿನ ಕವಡೆ, ಜೋಗತಿಯರ ಕವಡೆಯ ಸರ, ಮೈಲಾರದ ಗೊರವರ ಕವಡೆಯ ಪಟ್ಟಿ, ಇವೆಲ್ಲ ಅದೇ ದೀರ್ಘ ಪರಂಪರೆಯ ಇತ್ತೀಚಿನ ಕೊಂಡಿಗಳು.

ಸೌರಾಷ್ಟ್ರಕ್ಕೂ ಕನ್ನಡನಾಡಿಗೂ ನೇಮಿನಾಥರ ಮೂಲಕ ಇನ್ನೊಂದು ನಂಟಿದೆ. ಶಕ 705, ಎಂದರೆ ಕ್ರಿ.ಶ. 783ರಲ್ಲಿ ಸಂಸ್ಕೃತ ಹರಿವಂಶಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು (ಇವರು ಮಹಾಪುರಾಣದ ಜಿನಸೇನರಲ್ಲ) ಪುನ್ನಾಟ ಸಂಘಕ್ಕೆ ಸೇರಿದವರು. ಪುನ್ನಾಟವೆಂಬುದು ದಕ್ಷಿಣ ಕರ್ನಾಟಕದ ಪ್ರಾಚೀನ ನಾಡಿನ ಹೆಸರು. ಆ ಸಂಘದ ಮುನಿಗಳು ಕಾಠಿಯಾವಾಡದ ವರ್ಧಮಾನಪುರದವರೆಗೆ ವಿಹಾರಮಾಡಿ, ಗಿರನಾರಿನ ಸೀಮೆಯಲ್ಲಿ ಕುಳಿತು ನೇಮಿಜಿನರ ಕಥೆಯನ್ನು ಬರೆದರು. ಮುಂದೆ ಕರ್ಣಪಾರ್ಯ, ನೇಮಿಚಂದ್ರ ಮೊದಲಾದವರು ಅದನ್ನು ಕನ್ನಡದಲ್ಲಿ ಹಾಡಿದರು. ನೇಮಿಚಂದ್ರನ ಕಾವ್ಯವಂತೂ ಪೂರ್ಣಗೊಳ್ಳದೆ ‘ಅರ್ಧನೇಮಿ’ ಎಂದೇ ಹೆಸರಾಯಿತು.

ಆ ಕಥೆಯಲ್ಲಿ ಶಂಖಕ್ಕೆ ದೊಡ್ಡ ಸ್ಥಾನವಿದೆ. ಕೃಷ್ಣನ ರಾಣಿಯ ಬಿರುನುಡಿಯನ್ನು ಕೇಳಿದ ಕುಮಾರ ನೇಮಿ ಆಯುಧಶಾಲೆಯನ್ನು ಹೊಕ್ಕು ನಾಗಶಯ್ಯೆಯನ್ನೇರಿ, ಬಿಲ್ಲನ್ನು ಹೆದೆಯೇರಿಸಿ, ಪಾಂಚಜನ್ಯವನ್ನು ಊದಿದಾಗ ನಗರವೇ ನಡುಗಿತು. ಅದೇ ಕುಮಾರನು ರಾಜೀಮತಿಯೊಡನೆ ವಿವಾಹಕ್ಕೆ ಹೊರಟಾಗ, ಔತಣಕ್ಕಾಗಿ ಕೂಡಿಹಾಕಿದ್ದ ಮೃಗಗಳ ಆಕ್ರಂದನವನ್ನು ಕೇಳಿ ರಥವನ್ನು ತಿರುಗಿಸಿ ಊರ್ಜಯಂತಗಿರಿಯನ್ನು ಏರಿದನು. ಶಂಖದ ಧ್ವನಿಯಿಂದ ಲೋಕವನ್ನು ನಡುಗಿಸಿದವನು ಮೂಕಪ್ರಾಣಿಯ ಧ್ವನಿಗೆ ತಾನೇ ನಡುಗಿದ ಕಥೆಯಿದು.

ಹೀಗೆ ಜೀವದಯೆಗೆ ಹೆಸರಾದ ನೆಲದಲ್ಲಿಯೇ ಚಿಪ್ಪಿನ ಕಲೆ ತನ್ನ ಪರಮಾವಧಿಯನ್ನು ಮುಟ್ಟಿತು. 16 ಮತ್ತು 17ನೆಯ ಶತಮಾನಗಳಲ್ಲಿ ಖಂಭಾತ, ಅಹಮದಾಬಾದು, ಸೂರತ್ತು ಈ ನಗರಗಳ ಹೆಸರಿನೊಡನೆ ಬೆಸೆದುಕೊಂಡ ಮುತ್ತಿನ ಚಿಪ್ಪಿನ ಕೆಲಸಕ್ಕೆ ಸರಿಸಾಟಿಯಾದುದು ಆ ಕಾಲದ ಪ್ರಪಂಚದಲ್ಲಿ ವಿರಳ. ಕರಡಿಗೆ, ಬರವಣಿಗೆಯ ಪೆಟ್ಟಿಗೆ, ಲೇಖನಿಯ ಸಂಪುಟ, ಹರಿವಾಣ, ಗಿಂಡಿ, ಬಟ್ಟಲು, ಗುರಾಣಿ, ಮಂಚ ಹೀಗೆ ಹಲವು ಬಗೆಯ ವಸ್ತುಗಳು ಅಲ್ಲಿ ಸಿದ್ಧವಾದವು.

ಕೆಲಸದ ಕ್ರಮ ಎರಡು ವಿಧ. ಮೊದಲನೆಯದರಲ್ಲಿ ಮರದ ಪೆಟ್ಟಿಗೆಯ ಇಡೀ ಹೊರಮೈಗೆ ಚಿಪ್ಪಿನ ತೆಳುಹಲಗೆಗಳನ್ನು ಹೊದಿಸಲಾಗುತ್ತಿತ್ತು. ಹಲಗೆಗಳನ್ನು ಮೀನಿನ ಹುರುಪೆಯಂತೆ ಸಾಲುಸಾಲಾಗಿಯೋ, ಹೂವಿನ ಎಸಳುಗಳಂತೆ ವರ್ತುಲವಾಗಿಯೋ ಕತ್ತರಿಸಿ, ಪ್ರತಿಯೊಂದನ್ನೂ ಹಿತ್ತಾಳೆಯ ಸಣ್ಣ ಮೊಳೆಗಳಿಂದ ಬಂಧಿಸುವರು. ಹೊಳೆಯುವ ಚಿಪ್ಪಿನ ಮೇಲೆ ಹಿತ್ತಾಳೆಯ ಚುಕ್ಕೆಗಳು ಬಂಗಾರದ ಬಿಂದುಗಳಂತೆ ಕಾಣುವುವು. ಬಟ್ಟಲು ಹರಿವಾಣಗಳಲ್ಲಿ ಒಳಗೆ ಮರವೇ ಇಲ್ಲದೆ ಚಿಪ್ಪಿಗೆ ಚಿಪ್ಪನ್ನೇ ಮೊಳೆಹಾಕಿ ಜೋಡಿಸಿದ ಉದಾಹರಣೆಗಳೂ ಇವೆ. ಎರಡನೆಯ ವಿಧದಲ್ಲಿ ಮರದ ಮೇಲೆ ಕಪ್ಪು ಅರಗನ್ನು ಲೇಪಿಸಿ, ಬಳ್ಳಿ, ಹೂ, ಎಲೆಗಳ ಆಕಾರಕ್ಕೆ ಕೊಯ್ದ ಚಿಪ್ಪಿನ ತುಣುಕುಗಳನ್ನು ಅದರಲ್ಲಿ ಕೂರಿಸುವರು. ಕೆಲವು ಪೆಟ್ಟಿಗೆಗಳ ಅಂಚಿನಲ್ಲಿ ಪಾರಸಿ ಪದ್ಯಗಳೂ ಉಂಟು. ಎರಡನೆಯದು ಚಿತ್ರಕಾರನ ಕೆಲಸ, ಮೊದಲನೆಯದು ಬಡಗಿಯ ಕೆಲಸ ಎಂದು ಯಾರಾದರೂ ಹೇಳಬಹುದು. ಆದರೆ ಬಾಗಿದ ಚಿಪ್ಪನ್ನು ಒಡೆಯದಂತೆ ಚಪ್ಪಟೆ ಹಲಗೆಯಾಗಿ ಕೊಯ್ದು, ಅದರಲ್ಲಿ ರಂಧ್ರ ಕೊರೆದು ಮೊಳೆಯಿಳಿಸುವುದು ಸಾಮಾನ್ಯ ಕೌಶಲವಲ್ಲ.

ಈ ಕೆಲಸಕ್ಕೆ ಮುಖ್ಯವಾಗಿ ಬಳಕೆಯಾದದ್ದು ಹೊರಗೆ ಹಸಿರು ಬಣ್ಣದ, ಒಳಗೆ ಮುತ್ತಿನ ಹೊಳಪಿನ, ಟರ್ಬೋ ಎಂದು ಕರೆಯಲಾಗುವ ದೊಡ್ಡ ಸುರುಳಿ ಚಿಪ್ಪು. ಅದು ಅಂಡಮಾನ್ ನಿಕೋಬಾರಿನಿಂದ ಪೂರ್ವಕ್ಕೆ ಹಬ್ಬಿದ ಬೆಚ್ಚನೆಯ ಕಡಲುಗಳ ಜೀವಿ. ಅಂದಮೇಲೆ ಕರಡಿಗೆಯ ಹಿಂದೆ ಕುಶಲಕರ್ಮಿಯಷ್ಟೇ ಅಲ್ಲ, ಮುಳುಗಾಳಿಯೂ ಹಡಗಿನವನೂ ವರ್ತಕನೂ ಇದ್ದರು.

ಅಬುಲ್ ಫಜಲನ ಐನ್-ಎ-ಅಕ್ಬರಿ ಗ್ರಂಥವು ಗುಜರಾತಿನ ಕುಶಲಕರ್ಮಿಗಳು ಮುತ್ತಿನ ಚಿಪ್ಪನ್ನು ಕೂರಿಸಿ ಸುಂದರವಾದ ಪೆಟ್ಟಿಗೆಗಳನ್ನೂ ಮಸಿಯ ಕುಡಿಕೆಗಳನ್ನೂ ಮಾಡುತ್ತಿದ್ದುದನ್ನು ಹೇಳುತ್ತದೆ. ಫತೇಪುರ ಸಿಕ್ರಿಯಲ್ಲಿ 1580ರ ಸುಮಾರಿಗೆ ಪೂರ್ಣಗೊಂಡ ಶೇಖ್ ಸಲೀಂ ಚಿಶ್ತಿಯ ಗೋರಿಯ ಮೇಲಿರುವ ಮರದ ಮಂಟಪವು ಮುತ್ತಿನ ಚಿಪ್ಪಿನಿಂದಲೇ ಆಚ್ಛಾದಿತವಾಗಿದ್ದು, ಮಂದ ಬೆಳಕಿನಲ್ಲಿ ಅದರ ವರ್ಣಛಾಯೆಗಳನ್ನು ಇಂದಿಗೂ ಕಾಣಬಹುದಾಗಿದೆ.

ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ತರುವಾಯ ಈ ವಸ್ತುಗಳು ಯೂರೋಪಿಗೆ ಹರಿಯತೊಡಗಿದವು. 1502ರಲ್ಲಿ ಪೂರ್ವ ಆಫ್ರಿಕದ ಮಾಲಿಂದಿಯ ರಾಜನು ವಾಸ್ಕೋ ಡ ಗಾಮನಿಗೆ ಖಂಭಾತದ ಮುತ್ತಿನ ಚಿಪ್ಪಿನ ಮಂಚವೊಂದನ್ನು ಕಾಣಿಕೆಯಿತ್ತನೆಂದು ಪೋರ್ಚುಗೀಸ್ ಚರಿತ್ರಕಾರ ಗಾಸ್ಪರ್ ಕೊರೆಯಾ ಬರೆದಿದ್ದಾನೆ. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸನಿಗಾಗಿ ಪ್ಯಾರಿಸಿನ ಅಕ್ಕಸಾಲಿ ಪಿಯರ್ ಮಾಂಗೋ 1532-33ರಲ್ಲಿ ಚಿನ್ನದ ಮುಲಾಮಿನ ಬೆಳ್ಳಿಯ ಕಟ್ಟು ಹಾಕಿದ ಗುಜರಾತಿನ ಕರಡಿಗೆಯೊಂದು ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಜರ್ಮನಿಯ ಡ್ರೆಸ್ಡೆನ್ನಿನ ಅರಸರ ಭಂಡಾರದಲ್ಲಿಯೂ ಇಂಥ ಗಿಂಡಿ ಹರಿವಾಣಗಳಿವೆ. ಪೋರ್ಚುಗಲ್ಲಿನ ಇಗರ್ಜಿಗಳಲ್ಲಿ ಸಂತರ ಅಸ್ಥಿಗಳನ್ನಿರಿಸಲು ಈ ಕರಡಿಗೆಗಳೇ ಬಳಕೆಯಾದವು. ಪರದೇಶದಲ್ಲಿ ಬೆಳ್ಳಿಯ ಕಟ್ಟುಗಳು ಸೇರಿದುದರಿಂದ ಇವುಗಳ ತಾಯ್ನಾಡು ಎಷ್ಟೋ ಕಾಲ ಮರೆತೇಹೋಗಿ, ಕೆಲವನ್ನು ಯೂರೋಪಿನ ಕೆಲಸವೆಂದೇ ಎಣಿಸಿದ್ದರು. ಸೈಮನ್ ಡಿಗ್ಬಿ ಎಂಬ ವಿದ್ವಾಂಸರು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಪೀಠೋಪಕರಣಗಳನ್ನು ಕುರಿತು 1986ರಲ್ಲಿ ಪ್ರಕಟಿಸಿದ ಲೇಖನ ಗುಜರಾತಿನ ಈ ಕಲೆಯತ್ತ ಪಂಡಿತರ ಗಮನ ಸೆಳೆಯಿತು. ಒಂದು ನಾಡಿನ ಕೈಕೆಲಸಕ್ಕೆ ಇನ್ನೊಂದು ನಾಡಿನ ಬೆಳ್ಳಿಯ ಅಂಚು ಕಟ್ಟಿದೊಡನೆ ಕರ್ತೃತ್ವವೇ ಬದಲಾಗಿಹೋಗುವುದು ವಿಷಾದದ ಸಂಗತಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಖಂಭಾತವು ಜೈನ ಶ್ರೇಷ್ಠಿಗಳು ನೆಲೆಸಿದ್ದ ರೇವುಪಟ್ಟಣ. ಆಚಾರ್ಯ ಹೇಮಚಂದ್ರರು ಬಾಲ್ಯದಲ್ಲಿ ದೀಕ್ಷೆ ಪಡೆದ ಸ್ತಂಭತೀರ್ಥವೂ ಅದೇ. ಅಂತಹ ಊರಿನ ಕಣ್ಣೆದುರಿನಲ್ಲಿಯೇ ನಡೆಯುತ್ತಿದ್ದ ಚಿಪ್ಪಿನ ವ್ಯಾಪಾರವನ್ನು ಜೈನಧರ್ಮ ಹೇಗೆ ಕಂಡಿತು? ಶ್ರಾವಕನು ವರ್ಜಿಸಬೇಕಾದ ಹದಿನೈದು ಖರಕರ್ಮಗಳಲ್ಲಿ ‘ದಂತವಾಣಿಜ್ಯ’ ಒಂದು. ಹೇಮಚಂದ್ರರು 12ನೆಯ ಶತಮಾನದ ತಮ್ಮ ಯೋಗಶಾಸ್ತ್ರದಲ್ಲಿ ಇದನ್ನು ಆನೆಯ ದಂತಕ್ಕೆ ಮಾತ್ರ ಸೀಮಿತಗೊಳಿಸದೆ, ತ್ರಸಜೀವಿಗಳ ಕೂದಲು, ಉಗುರು, ಮೂಳೆ, ಚರ್ಮ ಮುಂತಾದ ಅಂಗಗಳನ್ನು ಅವುಗಳ ಆಕರಸ್ಥಾನದಲ್ಲಿಯೇ ವ್ಯಾಪಾರಕ್ಕಾಗಿ ಕೊಳ್ಳುವುದಕ್ಕೆಲ್ಲ ಅನ್ವಯಿಸಿದರು. ದಿಗಂಬರ ಪರಂಪರೆಯ ಪಂಡಿತ ಆಶಾಧರರೂ 13ನೆಯ ಶತಮಾನದ ಸಾಗಾರಧರ್ಮಾಮೃತದಲ್ಲಿ ಈ ಖರಕರ್ಮಗಳನ್ನು ಪ್ರಸ್ತಾಪಿಸಿದ್ದಾರೆ. ‘ಆಕರಸ್ಥಾನ’ ಎಂಬ ಮಾತಿನಲ್ಲಿ ಅತಿ ಸೂಕ್ಷ್ಮವಾದ ವಿವೇಚನೆ ಅಡಗಿದೆ. ವರ್ತಕನು ದಡಕ್ಕೇ ಹೋಗಿ ಹಣವನ್ನು ತೋರಿಸಿದರೆ ಮುಳುಗುವವನು ಇನ್ನೂ ಒಂದು ಜೀವವನ್ನು ಕೀಳಲು ಕಡಲಿಗಿಳಿಯುತ್ತಾನೆ. ಕೊಲ್ಲುವ ಕೈಗೂ ಕೊಳ್ಳುವ ಕೈಗೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ ಗೃಹಸ್ಥಧರ್ಮಶಾಸ್ತ್ರ ಬೇರೆ ಕಡೆ ಅಪರೂಪವೆಂದೇ ಹೇಳಬೇಕು.

ಇದು ಬರಿಯ ಶಾಸ್ತ್ರದ ಕಲ್ಪನೆಯಲ್ಲವೆಂಬುದಕ್ಕೆ ಶಂಖದ ವ್ಯಾಪಾರವೇ ಸಾಕ್ಷಿ. ಮದರಾಸು ಸರಕಾರದ ಮತ್ಸ್ಯಶಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1914ರಲ್ಲಿ ಭಾರತದ ಶಂಖವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ತೂತುಕುಡಿಯ ಕಡಲಲ್ಲಿ ಮುಳುಗುವವರು ತರುತ್ತಿದ್ದುದು ಜೀವಂತ ಶಂಖಗಳನ್ನು. ಸತ್ತು ಬಹುಕಾಲ ಕಡಲತಳದಲ್ಲಿ ಬಿದ್ದಿದ್ದ ಶಂಖ ಹುಳು ಕೊರೆದು ಹೊಳಪುಗೆಟ್ಟಿರುವುದರಿಂದ ಬಳೆಯವನಿಗೆ ಅದು ಬೇಡ. ‘ತಾನಾಗಿ ದಡಕ್ಕೆ ಬಿದ್ದ ಚಿಪ್ಪಲ್ಲವೆ’ ಎಂದು ಸಮಾಧಾನ ಹೇಳಿಕೊಳ್ಳುವವರು ಈ ಅಂಶವನ್ನು ಗಮನಿಸಬೇಕು. ಒಳ್ಳೆಯ ಹೊಳಪಿರುವ ಚಿಪ್ಪು ಸಾಮಾನ್ಯವಾಗಿ ಜೀವದಿಂದ ಕಿತ್ತ ಚಿಪ್ಪೇ.

ಆದುದರಿಂದಲೋ ಏನೋ, ಜೈನ ಶಿಲ್ಪದ ಶಂಖ ಕಲ್ಲಿನದು. ರಾಜಗೃಹದ ವೈಭಾರಗಿರಿಯಲ್ಲಿ ದೊರೆತ ಗುಪ್ತರ ಕಾಲದ ನೇಮಿನಾಥ ಬಿಂಬದ ಪೀಠದಲ್ಲಿ ಧರ್ಮಚಕ್ರದ ಎಡಬಲಕ್ಕೆ ಎರಡು ಶಂಖಗಳನ್ನು ಕೆತ್ತಿದ್ದಾರೆ. ತೀರ್ಥಂಕರ ಬಿಂಬದಲ್ಲಿ ಲಾಂಛನವು ಕಾಣಿಸಿಕೊಂಡ ಅತಿ ಪ್ರಾಚೀನ ಉದಾಹರಣೆಗಳಲ್ಲಿ ಇದು ಒಂದು. ನಮ್ಮ ನಾಡಿನ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರದಲ್ಲಿ ನೇಮಿನಾಥರ ಬಸದಿಗೆ ಶಂಖಬಸದಿಯೆಂದೇ ಹೆಸರು. ಶಾಸನಗಳಲ್ಲಿ ಶಂಖತೀರ್ಥವೆಂಬ ಉಲ್ಲೇಖವಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಚಾವುಂಡರಾಯ ಬಸದಿಯ ಮೂಲನಾಯಕರೂ ನೇಮಿನಾಥರೇ. ಈಗಿರುವ ಬಿಂಬವು ಗಂಗರಾಜನ ಮಗ ಏಚಣನು ಕಟ್ಟಿಸಿದ ಬೇರೊಂದು ಚೈತ್ಯಾಲಯದ್ದೆಂದು ಪೀಠದ ಶಾಸನದಿಂದ ತಿಳಿದುಬರುತ್ತದೆ. ಜನ್ಮಕಲ್ಯಾಣದ ವರ್ಣನೆಯಲ್ಲಿ ಭವನವಾಸಿ ದೇವರ ಆಲಯಗಳಲ್ಲಿ ಶಂಖಗಳು ತಾವಾಗಿಯೇ ಮೊಳಗುತ್ತವೆ. ಅಲ್ಲಿ ಊದುವ ಬಾಯಿಯೂ ಇಲ್ಲ.

ಹಾಗಾದರೆ ಹಿಂದಿನವರಿಂದ ಬಂದ ಚಿಪ್ಪಿನ ವಸ್ತುಗಳನ್ನು ಏನು ಮಾಡಬೇಕು? ಕೆಲವು ಹಳೆಯ ಮನೆತನಗಳಲ್ಲಿ ಚಿಪ್ಪು ಕೂರಿಸಿದ ಕರಡಿಗೆ, ಕನ್ನಡಿಯ ಚೌಕಟ್ಟು, ಕವಡೆಯ ಪಗಡೆ ಉಳಿದಿರಬಹುದು. ಹಿಂಸೆಯ ವಸ್ತುವೆಂದು ಇವನ್ನು ಎಸೆಯುವುದರಿಂದ ಹೋದ ಜೀವ ಮರಳದು; ಹಳೆಯ ಸಾಮಾನಿನ ವ್ಯಾಪಾರಿಗೆ ಕೊಟ್ಟರೆ ಅದೇ ಮಾದರಿಯ ಹೊಸದಕ್ಕೆ ಬೇಡಿಕೆ ಹುಟ್ಟುವುದು. ಇದ್ದುದನ್ನು ಕಾಪಾಡಿ, ಹೊಸದನ್ನು ಕೊಳ್ಳದಿರುವುದೇ ಆಕರಸ್ಥಾನದ ನಿಯಮಕ್ಕೆ ಒಪ್ಪುವ ನಡೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷಕ್ಕೂ ಹಳೆಯ ಕಲಾವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. 2001ರಲ್ಲಿ ಟರ್ಬೋ ಸೇರಿದಂತೆ ಹಲವು ಚಿಪ್ಪುಜೀವಿಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಶ್ರಯಕ್ಕೂ ಬಂದವು.

ಇಂತಹ ವಸ್ತುಗಳನ್ನು ಶುಚಿಗೊಳಿಸುವಾಗ ಒಂದು ಎಚ್ಚರಿಕೆ ಅಗತ್ಯ. ಚಿಪ್ಪು ಸುಣ್ಣದ ಜಾತಿಯದು. ಹಿತ್ತಾಳೆಯ ಮೊಳೆಗಳು ಹೊಳೆಯಲೆಂದು ಹುಣಸೆಹಣ್ಣನ್ನೋ ನಿಂಬೆಯನ್ನೋ ಹಚ್ಚಿ ಉಜ್ಜಿದರೆ ಹುಳಿಯು ಚಿಪ್ಪನ್ನು ತಿಂದು, ಮುನ್ನೂರು ವರ್ಷ ಉಳಿದ ಹೊಳಪು ಒಂದೇ ದಿನದಲ್ಲಿ ಮಾಯವಾಗುವುದು. ಗಾಳಿಯಾಡದ ಮರದ ಬೀರುವಿನಲ್ಲಿ ಬಹುಕಾಲ ಮುಚ್ಚಿಟ್ಟರೂ ಮರದ ಹುಳಿಯಂಶ ತಗುಲಿ ಮೇಲೆ ಬಿಳಿಯ ಹುಡಿ ಏಳುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸಿ, ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ಇರಿಸಿದರೆ ಸಾಕು.